ಪೆನಾಲ್ಟಿ ಕಿಲ್ ಬರೀ ಗೋಲ್‌ಕೀಪರ್ ಕೈಯಲ್ಲಿದೆಯಾ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ತಪ್ಪು ಮಾಡಿ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಾಗ ಕೆಲವು ತಂಡಗಳು ಆ ಎರಡು ನಿಮಿಷವನ್ನು ಗೋಲು ಬಿಡದೆ ದಾಟಿಬಿಡುತ್ತವೆ (ಇದೇ ಪೆನಾಲ್ಟಿ ಕಿಲ್). ಇನ್ನು ಕೆಲವು ಪದೇಪದೇ ಸಿಕ್ಕಿಬೀಳುತ್ತವೆ. ಇದು ಗೋಲ್‌ಕೀಪರ್‌ನ ಕೈಚಳಕವಾ, ಅದೃಷ್ಟವಾ, ಅಥವಾ ಕಲಿತು ಮಾಡುವ ಕೆಲಸವಾ?

ಮೂರೂ ಇದೆ. ಆದರೆ ಹೆಚ್ಚಿನ ಪಾಲು ಕಲಿತು ಮಾಡುವ ಕೆಲಸ. ಈ ಆಟವನ್ನು ತುಂಬಾ ವರ್ಷಗಳಿಂದ ನೋಡುತ್ತಿದ್ದೇನೆ. ಒಬ್ಬ ಹೆಚ್ಚಿರುವ ತಂಡದ ದಾಳಿ, ಅಂದರೆ ಪವರ್ ಪ್ಲೇ, ಅದಕ್ಕಿಂತ ಪೆನಾಲ್ಟಿ ಕಿಲ್ ನೋಡುವುದೇ ನನಗೆ ಜಾಸ್ತಿ ಇಷ್ಟ. ಇಷ್ಟು ನೋಡಿದ ಮೇಲೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ: ಯಾವ ಜಾಗವನ್ನು ಎದುರಾಳಿಗೆ ಬಿಟ್ಟುಕೊಡಬೇಕು ಅನ್ನುವುದು ನಾಲ್ವರಿಗೂ ಒಂದೇ ಥರ ಗೊತ್ತಿದ್ದರೆ ಆ ತಂಡ ಉಳಿದುಕೊಳ್ಳುತ್ತದೆ.

ಲೆಕ್ಕ ಸರಳ. ಗೋಲ್‌ಕೀಪರ್ ಬಿಟ್ಟರೆ ಎದುರಾಳಿಗಳು ಐದು ಜನ, ಪೆನಾಲ್ಟಿ ಬಿದ್ದ ತಂಡದ ಇವರು ನಾಲ್ಕು. ಏನೇ ಮಾಡಿದರೂ ಒಬ್ಬ ಖಾಲಿ ಸಿಕ್ಕೇ ಸಿಗುತ್ತಾನೆ. ಐದೂ ಜನರನ್ನು ಹಿಡಿಯಲು ಓಡಿದರೆ ಗೋಲಿನ ಎದುರಿಗೇ ಜಾಗ ತೆರೆದುಕೊಳ್ಳುತ್ತದೆ. ಹಾಗಾಗಿ ಆ ಖಾಲಿ ಆಟಗಾರ ಎಲ್ಲಿರಬೇಕು ಅನ್ನುವುದನ್ನು ಇವರೇ ತೀರ್ಮಾನಿಸಬೇಕು. ದೂರದಲ್ಲಿ, ಬ್ಲೂ ಲೈನ್ (ದಾಳಿಯ ವಲಯ ಶುರುವಾಗುವ ನೀಲಿ ಗೆರೆ) ಹತ್ತಿರವೋ ರಿಂಕ್ ಸುತ್ತಲಿನ ಗೋಡೆಯಾದ ಬೋರ್ಡ್‌ ಪಕ್ಕದಲ್ಲೋ ಇದ್ದರೆ ಇರಲಿ. ಅಲ್ಲಿಂದ ಬರುವ ಹೊಡೆತ ಗೋಲ್‌ಕೀಪರ್‌ಗೆ ನೇರ ಕಾಣಿಸುತ್ತದೆ, ಹೆಚ್ಚಿನ ಸಲ ಹಿಡಿಯುತ್ತಾನೆ. ಗೋಲಿನ ಎದುರಿನ ಜಾಗ, ಸ್ಲಾಟ್ ಅಂತಾರಲ್ಲ, ಅದನ್ನು ಮಾತ್ರ ಬಿಡಬಾರದು.

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಸಾಮಾನ್ಯವಾಗಿ ಹತ್ತು ಪೆನಾಲ್ಟಿಗಳಲ್ಲಿ ಎಂಟು ಗೋಲಿಲ್ಲದೆ ಮುಗಿಯುತ್ತವೆ. ಅಂದರೆ 80% ಆಸುಪಾಸು. 75%ಗೂ 85%ಗೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. 82 ಪಂದ್ಯಗಳ ಸೀಸನ್‌ನಲ್ಲಿ ಪಂದ್ಯಕ್ಕೆ ಮೂರು ಪೆನಾಲ್ಟಿ ಅಂತ ಹಿಡಿಯಿರಿ, ಸುಮಾರು 250 ಆಗುತ್ತೆ. ಅದರಲ್ಲಿ 10% ಅಂದರೆ 25 ಗೋಲು. ಒಂದು ತಂಡ ಪ್ಲೇಆಫ್‌ಗೆ ಹೋಗುತ್ತಾ, ಮನೆಗೆ ಹೋಗುತ್ತಾ ಅನ್ನುವುದು ಅಷ್ಟರಲ್ಲೇ ತೀರ್ಮಾನವಾಗಿಬಿಡಬಹುದು.

ಈಗ ಗೋಲು ಹೇಗೆ ಬೀಳುತ್ತದೆ ನೋಡೋಣ. ಈಗಿನ ಪವರ್ ಪ್ಲೇ ತಂಡಗಳು ಹೆಚ್ಚಾಗಿ 1-3-1 ಅಂತ ನಿಲ್ಲುತ್ತವೆ. ಮೇಲೆ ಬ್ಲೂ ಲೈನ್ ಹತ್ತಿರ ಒಬ್ಬ, ನಡುವೆ ಅಡ್ಡಸಾಲಿನಲ್ಲಿ ಮೂವರು, ಗೋಲಿನ ಬಾಯಲ್ಲೇ ಒಬ್ಬ. ಅವರು ಹುಡುಕುವುದು ಒಂದೇ ದಾರಿ, ಈ ಬದಿಯಿಂದ ಆ ಬದಿಗೆ ನಟ್ಟನಡುವೆ ಹಾಯುವ ಪಾಸ್. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಾಗೆ ಅಡ್ಡ ಹೋದಾಗ ಗೋಲ್‌ಕೀಪರ್ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಜಾರಬೇಕು. ಆರು ಅಡಿ ಅಗಲದ ಗೋಲು. ಅವನು ಇನ್ನೂ ಜಾರುತ್ತಿರುವಾಗಲೇ ಆ ಬದಿಯವನು ಪಕ್ ನಿಲ್ಲಿಸದೆ ಒಂದೇ ಏಟಿಗೆ ಹೊಡೆದುಬಿಡುತ್ತಾನೆ. ಇದೇ ಒನ್-ಟೈಮರ್. ಆಗ ಎಂಥ ಗೋಲ್‌ಕೀಪರ್ ಇದ್ದರೂ ಕಷ್ಟವೇ. ಆ ಅಡ್ಡ ಪಾಸ್ ಆಗದಂತೆ ನೋಡಿಕೊಳ್ಳುವುದು ಮುಂದಿರುವ ನಾಲ್ವರ ಕೆಲಸ.

ಇದಕ್ಕೆ ಅವರ ಮುಖ್ಯ ಆಯುಧ ಮೈಯಲ್ಲ, ಸ್ಟಿಕ್. ಜನ ಶಾಟ್‌ಗೆ ಅಡ್ಡ ಬಿದ್ದವನಿಗೆ ಚಪ್ಪಾಳೆ ಹೊಡೆಯುತ್ತಾರೆ. ಹೊಡೆಯಲೇಬೇಕು, ಅದಕ್ಕೆ ಎದೆಗಾರಿಕೆ ಬೇಕು. ಆದರೆ ಒಳ್ಳೆಯ ಪೆನಾಲ್ಟಿ ಕಿಲ್ಲರ್ ಯಾರು ಅಂತ ತಿಳಿಯಬೇಕಾದರೆ ನಾನು ನೋಡುವುದು ಅವನ ಸ್ಟಿಕ್‌ನ ಬ್ಲೇಡನ್ನು. ಅದು ಐಸ್ ಮೇಲೆಯೇ ಇರುತ್ತದೆ, ಗಾಳಿಯಲ್ಲಿ ಇರುವುದಿಲ್ಲ. ಎದೆ ಪಕ್ ಇರುವವನ ಕಡೆ ಇರುತ್ತದೆ, ಬ್ಲೇಡ್ ಮಾತ್ರ ಪಕ್ಕಕ್ಕೆ ಚಾಚಿ ಹಿಂದಿರುವವನ ದಾರಿಯನ್ನು ಮುಚ್ಚಿರುತ್ತದೆ. ಹೀಗೆ ಒಬ್ಬನೇ ಇಬ್ಬರನ್ನು ಕಾಯುತ್ತಾನೆ. ನಾಲ್ವರು ಐವರ ಎದುರು ನಿಲ್ಲುವುದು ಹೀಗೇ. ಒಂದು ಸಾರಿ ರೀಪ್ಲೇ ಹಾಕಿ, ಪಕ್ ನೋಡದೆ ಬರೀ ಇವರ ಬ್ಲೇಡ್‌ಗಳನ್ನೇ ನೋಡಿ. ಪಕ್ ಆ ಕಡೆ ಈ ಕಡೆ ಹೋದ ಹಾಗೆ ನಾಲ್ಕೂ ಬ್ಲೇಡ್‌ಗಳು ಒಂದೇ ದಾರದಲ್ಲಿ ಕಟ್ಟಿದ ಹಾಗೆ ತಿರುಗುತ್ತಿರುತ್ತವೆ. ನನಗಂತೂ ಗೋಲಿಗಿಂತ ಚೆಂದ ಕಾಣುವ ದೃಶ್ಯ ಅದು.

ಹೇಗೆ ನಿಲ್ಲಬೇಕು ಅನ್ನುವುದರ ಬಗ್ಗೆ ತುಂಬಾ ಚರ್ಚೆ ಮಾಡುತ್ತಾರೆ. ನಾಲ್ಕು ಮೂಲೆಯ ಬಾಕ್ಸ್, ಡೈಮಂಡ್, ಮೂವರು ತ್ರಿಕೋನ ಮಾಡಿ ಒಬ್ಬ ಮುಂದೆ ಹೋಗಿ ಕಾಡುವುದು, ಹೀಗೆ. ಆಕಾರ ಯಾವುದು ಅನ್ನುವುದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲ ಆಕಾರದಲ್ಲೂ ಒಂದು ಕಡೆ ತೂತು ಇದ್ದೇ ಇರುತ್ತದೆ. ಅಲೆಕ್ಸ್ ಒವೆಚ್ಕಿನ್ ಉದಾಹರಣೆ ತಗೊಳ್ಳಿ. ಎಡಗಡೆಯ ಫೇಸ್‌ಆಫ್ ಸರ್ಕಲ್‌ನಲ್ಲಿ (ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರು ಮಾಡುವ ವೃತ್ತ) ನಿಂತು ಒನ್-ಟೈಮರ್ ಹೊಡೆಯುತ್ತಾನೆ ಅಂತ ಇಡೀ ಲೀಗ್‌ಗೆ ಗೊತ್ತು. ಆದರೂ ಎನ್‌ಎಚ್‌ಎಲ್ ಇತಿಹಾಸದಲ್ಲಿ ಅತಿ ಹೆಚ್ಚು ಪವರ್ ಪ್ಲೇ ಗೋಲು ಅವನದೇ. ಯಾಕೆ? ಅವನ ಪಕ್ಕದಲ್ಲೇ ಒಬ್ಬನನ್ನು ಅಂಟಿಸಿ ನಿಲ್ಲಿಸಿದರೆ ಉಳಿದ ಮೂವರು ನಾಲ್ವರನ್ನು ಹಿಡಿಯಬೇಕು. ಅಂಟಿಸದಿದ್ದರೆ ಅವನು ಹೊಡೆಯುತ್ತಾನೆ. ಎರಡರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ, ಆದರೆ ನಾಲ್ವರೂ ಅದನ್ನೇ ಆರಿಸಿಕೊಂಡಿರಬೇಕು. ಇಬ್ಬರು ಒಂದು ಯೋಚಿಸಿ ಇನ್ನಿಬ್ಬರು ಇನ್ನೊಂದು ಯೋಚಿಸಿದರೆ ಗೋಲು ಗ್ಯಾರಂಟಿ.

ಮುಂದೆ ನುಗ್ಗುವ ವಿಷಯದಲ್ಲೂ ಹೀಗೇ. ಸುಮ್ನೆ ನಿಂತು ಕಾಯುತ್ತಿದ್ದರೆ ಒಳ್ಳೆಯ ಪವರ್ ಪ್ಲೇ ತಂಡ ಆರಾಮಾಗಿ ಪಾಸ್ ಮಾಡಿ ಮಾಡಿ ದಾರಿ ಹುಡುಕಿಕೊಳ್ಳುತ್ತದೆ. ಯಾವಾಗಲೂ ನುಗ್ಗುತ್ತಿದ್ದರೆ ಬೆನ್ನ ಹಿಂದೆ ಜಾಗ ಬಿಡುತ್ತದೆ. ನುಗ್ಗುವುದಕ್ಕೆ ಸರಿಯಾದ ಗಳಿಗೆಗಳಿವೆ. ಪಕ್ ಹಿಡಿದವನು ಬೋರ್ಡ್ ಕಡೆ ಮುಖ ಮಾಡಿ ಬೆನ್ನು ತೋರಿಸಿದಾಗ. ಪಾಸ್ ಸರಿಯಾಗಿ ಕೂರದೆ ಪಕ್ ಪುಟಿದಾಗ. ಅವನು ತಲೆ ತಗ್ಗಿಸಿ ತನ್ನ ಕಾಲಿನ ಹತ್ತಿರ ಪಕ್ ಹುಡುಕುವಾಗ. ಅರ್ಧ ಸೆಕೆಂಡಿನ ಮಾತು. ಒಬ್ಬ ಹಾರಿದ ಕೂಡಲೇ ಹಿಂದಿನವನು ಒಂದು ಹೆಜ್ಜೆ ಮುಂದೆ ಬರಬೇಕು, ಉಳಿದ ಇಬ್ಬರು ನಡುವೆ ಸೇರಿಕೊಳ್ಳಬೇಕು. ಒಬ್ಬ ಮಾತ್ರ ಹಾರಿ ಮೂವರು ನೋಡುತ್ತಾ ನಿಂತರೆ ಅದು ಧೈರ್ಯವಲ್ಲ, ತಪ್ಪು.

ಇನ್ನು ಪಕ್ ಸಿಕ್ಕಾಗ ಏನು ಮಾಡುತ್ತಾರೆ ಅನ್ನುವುದು. ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಎನ್‌ಎಚ್‌ಎಲ್‌ನಲ್ಲಿ ಒಬ್ಬ ಕಡಿಮೆ ಇರುವ ತಂಡಕ್ಕೆ ಐಸಿಂಗ್ ನಿಯಮ (ನಡುಗೆರೆಯ ಹಿಂದಿನಿಂದ ಪಕ್ಕನ್ನು ಆ ತುದಿಗೆ ಅಟ್ಟಬಾರದು ಅನ್ನುವುದು) ಅನ್ವಯಿಸುವುದಿಲ್ಲ. ಪಕ್ ಸಿಕ್ಕಿದರೆ 200 ಅಡಿ ಉದ್ದದ ರಿಂಕ್‌ನ ಆ ತುದಿಗೆ ಅಟ್ಟಿಬಿಡಬಹುದು. ಎದುರಾಳಿ ವಾಪಸ್ ಹೋಗಿ, ಪಕ್ ತಂದು, ಬ್ಲೂ ಲೈನ್ ದಾಟಿ, ಮತ್ತೆ ತನ್ನ ಜಾಗದಲ್ಲಿ ನಿಲ್ಲುವಷ್ಟರಲ್ಲಿ 15-20 ಸೆಕೆಂಡು ಹೋಗಿರುತ್ತದೆ. ಇಂಥ ಎರಡು ಕ್ಲಿಯರ್ ಆದರೆ ಪೆನಾಲ್ಟಿಯ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಅದೇ ಕ್ಲಿಯರ್ ಅರೆಬರೆ ಆದರೆ ಏನಾಗುತ್ತೆ? ಡಿಫೆನ್ಸ್‌ಮನ್ ಒಂದು ನಿಮಿಷದಿಂದ ಐಸ್ ಮೇಲಿದ್ದಾನೆ. ಕಾಲು ಸೋತಿವೆ, ಉಸಿರು ಮೇಲೆ ಕೆಳಗೆ ಆಗುತ್ತಿದೆ. ಮೂಲೆಯಲ್ಲಿ ಪಕ್ ಸಿಕ್ಕಿತು. ಅವಸರದಲ್ಲಿ ಬೋರ್ಡ್ ಗುಂಟ ತಳ್ಳಿದ. ಬ್ಲೂ ಲೈನ್‌ನಲ್ಲಿ ನಿಂತವನು ಕಾಲಲ್ಲಿ ತಡೆದ. ಈಗ ಅದೇ ಸುಸ್ತಾದ ನಾಲ್ವರು ಮತ್ತೆ ಮೂವತ್ತು ಸೆಕೆಂಡು ಒದ್ದಾಡಬೇಕು. ನಾನು ನೋಡಿದ ಪವರ್ ಪ್ಲೇ ಗೋಲುಗಳಲ್ಲಿ ಎಷ್ಟೋ ಗೋಲುಗಳ ಮೊದಲ ತಪ್ಪು ಇದೇ. ಗಾಬರಿಯಲ್ಲಿ ಪಕ್ಕನ್ನು ಎತ್ತಿ ಹೊಡೆದು ಅದು ನೇರವಾಗಿ ಗಾಜಿನ ಮೇಲಿಂದ ಹೊರಗೆ ಹೋಯಿತೋ, ಇನ್ನೊಂದು ಎರಡು ನಿಮಿಷದ ಪೆನಾಲ್ಟಿ. ಆಗ ಐವರ ಎದುರು ಮೂವರು.

ಅದಕ್ಕೇ ಫೇಸ್‌ಆಫ್ ಗೆಲ್ಲುವವನಿಗೆ ಇಷ್ಟು ಬೆಲೆ. ಪೆನಾಲ್ಟಿ ಶುರುವಾಗುವುದೇ ಇವರ ಗೋಲಿನ ಪಕ್ಕದ ಸರ್ಕಲ್‌ನಲ್ಲಿ. ಅಲ್ಲಿ ಪಕ್ ಗೆದ್ದರೆ ಸೀದಾ ಆ ತುದಿಗೆ. ಸೋತರೆ ಎದುರಾಳಿ ಮೊದಲ ಸೆಕೆಂಡಿನಿಂದಲೇ ಜಾಗ ಹಿಡಿದು ಕೂತ ಹಾಗೆ. ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜೆರಾನ್ ಒಳ್ಳೆಯ ಡಿಫೆನ್ಸ್ ಆಡುವ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಪ್ರಶಸ್ತಿಯನ್ನು ಆರು ಸಲ ಗೆದ್ದ. ಅವನ ಫೇಸ್‌ಆಫ್‌ಗಳನ್ನು ನೋಡಿದರೆ ಇದರ ಬೆಲೆ ತಿಳಿಯುತ್ತೆ.

ಆಟಗಾರರನ್ನು ಬದಲಾಯಿಸುವುದೂ ಒಂದು ಕಲೆ. ಪಕ್ ಆ ತುದಿಗೆ ಹೋದ ಕೂಡಲೇ ಇಬ್ಬರಾದರೂ ಬೆಂಚಿಗೆ ಓಡಬೇಕು. ಎರಡನೇ ಪೀರಿಯಡ್‌ನಲ್ಲಿ ತಂಡಗಳು ಬದಿ ಬದಲಿಸುವುದರಿಂದ ಬೆಂಚ್ ದೂರವಾಗುತ್ತದೆ. ಸಿಕ್ಕಿಹಾಕಿಕೊಂಡವರು ಬೇಗ ಹೊರಬರಲು ಆಗುವುದಿಲ್ಲ.

ಗೋಲ್‌ಕೀಪರ್ ವಿಷಯಕ್ಕೆ ಬರೋಣ. ತಂಡದ ಅತಿ ಒಳ್ಳೆಯ ಪೆನಾಲ್ಟಿ ಕಿಲ್ಲರ್ ಗೋಲ್‌ಕೀಪರೇ ಆಗಿರಬೇಕು ಅಂತ ಕೋಚ್‌ಗಳು ಹೇಳುತ್ತಿರುತ್ತಾರೆ. ಒಪ್ಪುತ್ತೇನೆ. ಆದರೆ ಅವನಿಗೆ ಪಕ್ ಕಾಣಿಸಬೇಕಲ್ವಾ? ಮುಂದಿರುವ ಡಿಫೆನ್ಸ್‌ಮನ್ ಶಾಟ್ ತಡೆದರೆ ಪೂರ್ತಿ ತಡೆಯಬೇಕು, ಇಲ್ಲದಿದ್ದರೆ ಪಕ್ಕಕ್ಕೆ ಸರಿಯಬೇಕು. ಅರ್ಧಂಬರ್ಧ ಅಡ್ಡ ನಿಂತರೆ ತನ್ನ ಗೋಲ್‌ಕೀಪರ್‌ನ ಕಣ್ಣನ್ನೇ ಕಟ್ಟಿದ ಹಾಗಾಗುತ್ತದೆ. ಹೊಡೆತ ತಡೆದ ಮೇಲೆ ಪಕ್ ಅಲ್ಲೇ ಬಿದ್ದಿದ್ದರೆ ಅದನ್ನು ಗೋಲಿನ ಬಾಯಿಂದ ಗುಡಿಸುವುದೂ ಡಿಫೆನ್ಸ್‌ಮನ್‌ಗಳ ಕೆಲಸ.

2024ರ ಪ್ಲೇಆಫ್‌ನಲ್ಲಿ ಎಡ್ಮಂಟನ್ ಆಯಿಲರ್ಸ್ ಆಡಿದ್ದು ನೆನಪಿಗೆ ಬರುತ್ತದೆ. 70 ಪೆನಾಲ್ಟಿಗಳಲ್ಲಿ ಬಿಟ್ಟುಕೊಟ್ಟಿದ್ದು ನಾಲ್ಕೇ ಗೋಲು. ಹೆಸರಾಂತ ತಾರೆಗಳನ್ನು ಮುಂದಿಟ್ಟುಕೊಂಡು ಮಾಡಿದ ಕೆಲಸ ಅಲ್ಲ ಅದು. ಮಟ್ಟಿಯಾಸ್ ಯಾನ್‌ಮಾರ್ಕ್, ಕಾನರ್ ಬ್ರೌನ್ ಥರದವರು ದಣಿಯದೆ ಓಡಿದರು. ಫೈನಲ್‌ನಲ್ಲಿ ಇಬ್ಬರೂ ಒಬ್ಬ ಕಡಿಮೆ ಇರುವಾಗಲೇ ಗೋಲು ಕೂಡ ಹೊಡೆದರು. ಲೀಗ್ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಕೊನೆಗೆ ಏಳನೇ ಪಂದ್ಯದಲ್ಲಿ ಫ್ಲೋರಿಡಾ ಪಾಲಾಯಿತು, ಆದರೆ ಆ ಪೆನಾಲ್ಟಿ ಕಿಲ್ ಮರೆಯುವಂಥದ್ದಲ್ಲ.

ಹೀಗೆ ಶಾರ್ಟ್‌ಹ್ಯಾಂಡೆಡ್ ಗೋಲು ಹೊಡೆಯುವ ಭಯ ಹುಟ್ಟಿಸುವುದು ದೊಡ್ಡ ಅಸ್ತ್ರ. ಈಗಿನ ಪವರ್ ಪ್ಲೇಗಳಲ್ಲಿ ಹೆಚ್ಚಾಗಿ ನಾಲ್ವರು ಫಾರ್ವರ್ಡ್, ಒಬ್ಬನೇ ಡಿಫೆನ್ಸ್‌ಮನ್ ಇರುತ್ತಾರೆ. ಪಕ್ ಕಸಿದುಕೊಂಡರೆ ಹಿಂದೆ ಕಾಯುವವರೇ ಇಲ್ಲ. ಇದು ತಲೆಯಲ್ಲಿದ್ದರೆ ಎದುರಾಳಿ ಅಪಾಯದ ಪಾಸ್ ಕೊಡಲು ಹಿಂದೆಮುಂದೆ ನೋಡುತ್ತಾನೆ. 1983-84ರ ಎಡ್ಮಂಟನ್ ತಂಡ ಒಂದೇ ಸೀಸನ್‌ನಲ್ಲಿ ಇಂಥ 36 ಗೋಲು ಹೊಡೆಯಿತು, ಅದರಲ್ಲಿ 12 ವೇಯ್ನ್ ಗ್ರೆಟ್ಸ್‌ಕಿಯದು. 2010ರ ಏಪ್ರಿಲ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ಕೆರೊಲಿನಾ ವಿರುದ್ಧ ಒಂದೇ ಪೆನಾಲ್ಟಿಯಲ್ಲಿ, 64 ಸೆಕೆಂಡಿನೊಳಗೆ, ಮೂರು ಗೋಲು ಹೊಡೆಯಿತು. ಒಬ್ಬ ಕಡಿಮೆ ಇದ್ದ ತಂಡ!

ನೀವು ಅದೃಷ್ಟದ ಬಗ್ಗೆ ಕೇಳಿದಿರಿ. 2011-12ರ ನ್ಯೂಜೆರ್ಸಿ ಡೆವಿಲ್ಸ್ ಕಥೆ ಹೇಳದೆ ಇದಕ್ಕೆ ಉತ್ತರ ಪೂರ್ತಿಯಾಗುವುದಿಲ್ಲ. ಆ ಸೀಸನ್‌ನಲ್ಲಿ ಅವರು 89.6% ಪೆನಾಲ್ಟಿಗಳನ್ನು ಗೋಲಿಲ್ಲದೆ ಮುಗಿಸಿದರು. ಈಗಿನ ಕಾಲದ ಲೀಗ್‌ನಲ್ಲಿ ಅದೇ ದಾಖಲೆ. ಮೇಲಿಂದ 15 ಶಾರ್ಟ್‌ಹ್ಯಾಂಡೆಡ್ ಗೋಲು ಬೇರೆ. ಅದೇ ತಂಡ 2012ರ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್‌ನ ಆರನೇ ಪಂದ್ಯ ಆಡುತ್ತಿದೆ. ಮೊದಲ ಪೀರಿಯಡ್‌ನಲ್ಲೇ ಅವರ ಒಬ್ಬ ಆಟಗಾರ ಎದುರಾಳಿಯನ್ನು ಹಿಂದಿನಿಂದ ಬೋರ್ಡ್‌ಗೆ ಗುದ್ದಿ ಐದು ನಿಮಿಷದ ಮೇಜರ್ ಪೆನಾಲ್ಟಿ ತಂದ. ಎರಡು ನಿಮಿಷದ ಪೆನಾಲ್ಟಿ ಒಂದು ಗೋಲು ಬಿದ್ದರೆ ಮುಗಿಯುತ್ತದೆ, ಮೇಜರ್ ಹಾಗಲ್ಲ, ಐದೂ ನಿಮಿಷ ಅನುಭವಿಸಬೇಕು. ಲಾಸ್ ಏಂಜಲೀಸ್ ಕಿಂಗ್ಸ್ ಅಷ್ಟರಲ್ಲಿ ಮೂರು ಗೋಲು ಹೊಡೆದು, 6-1ರಿಂದ ಗೆದ್ದು ಕಪ್ ಎತ್ತಿತು. ಲೀಗ್ ಕಂಡ ಅತ್ಯುತ್ತಮ ಪೆನಾಲ್ಟಿ ಕಿಲ್, ಒಂದೇ ಪೆನಾಲ್ಟಿಯಲ್ಲಿ ಕುಸಿಯಿತು. ನನಗೆ ಇವತ್ತಿಗೂ ಆ ಐದು ನಿಮಿಷ ನೋಡಲು ಸಂಕಟವಾಗುತ್ತದೆ.

ಒಂದು ಕಾಲದಲ್ಲಿ ಎರಡು ನಿಮಿಷದ ಪೆನಾಲ್ಟಿಯೂ ಹೀಗೇ ಇತ್ತು, ಎಷ್ಟು ಗೋಲು ಬಿದ್ದರೂ ಎರಡು ನಿಮಿಷ ಪೂರ್ತಿ ಕೂರಬೇಕಿತ್ತು. 1955ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನ ಜಾನ್ ಬೆಲಿವೊ ಬಾಸ್ಟನ್ ವಿರುದ್ಧ 44 ಸೆಕೆಂಡಿನಲ್ಲಿ ಮೂರು ಪವರ್ ಪ್ಲೇ ಗೋಲು ಹೊಡೆದ. ಮಾಂಟ್ರಿಯಲ್‌ನ ಆ ಪವರ್ ಪ್ಲೇಗೆ ಹೆದರಿಯೇ ಮುಂದಿನ ಸೀಸನ್‌ನಿಂದ ನಿಯಮ ಬದಲಾಯಿತು.

ಅದೃಷ್ಟದ ಪಾಲೂ ಇರುವುದರಿಂದ ಶೇಕಡಾ ಲೆಕ್ಕವನ್ನು ಹತ್ತು ಪಂದ್ಯಕ್ಕೇ ನಂಬಿಬಿಡಬೇಡಿ. ಮೂವತ್ತು ಪೆನಾಲ್ಟಿಗಳಲ್ಲಿ ಪಕ್ ಎರಡು ಸಲ ಯಾರದೋ ಕಾಲಿಗೆ ತಾಗಿ ಒಳಗೆ ಹೋದರೂ ಅಂಕಿ ಕೆಡುತ್ತದೆ. ನಿಮ್ಮ ತಂಡ ನಿಜಕ್ಕೂ ಚೆನ್ನಾಗಿ ಆಡುತ್ತಿದೆಯಾ ಅಂತ ನೋಡಬೇಕಾದರೆ ಮೂರು ಎಣಿಸಿ: ನಟ್ಟನಡುವೆ ಎಷ್ಟು ಪಾಸ್ ಹಾಯ್ದವು, ಕ್ಲಿಯರ್ ಮಾಡಲು ಹೋದಾಗ ಪಕ್ ಎಷ್ಟು ಸಲ ಪೂರ್ತಿ ಬ್ಲೂ ಲೈನ್ ಆಚೆ ಹೋಯಿತು, ಎದುರಾಳಿ ಬ್ಲೂ ಲೈನ್ ದಾಟಿ ಒಳಬರಲು ಎಷ್ಟು ಸಲ ತಡಕಾಡಿದ. ಒಂದು ಪಂದ್ಯದಲ್ಲಿ ಎಣಿಸಿದರೆ ಸಾಲದು, ನಾಲ್ಕೈದು ಪಂದ್ಯದಲ್ಲಿ ಎಣಿಸಿ. ನಿಮ್ಮ ತಂಡ ಯಾವುದು ಅಂತ ಹೇಳಿದರೆ ನಾನೂ ಜೊತೆಗೆ ನೋಡುತ್ತೇನೆ.