ಮಳೆನಾಡಿಗೂ ಮರುಭೂಮೀಕರಣ ತಡೆ ಒಪ್ಪಂದಕ್ಕೂ ಏನು ಸಂಬಂಧ?

ಪ್ರಶ್ನೆ: ಮರುಭೂಮೀಕರಣ ತಡೆಗೆ ವಿಶ್ವಸಂಸ್ಥೆಯ ಒಪ್ಪಂದವಿದೆಯೆಂದು ಓದಿದೆ. ನೂರು ಇಂಚಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಡೆಗೆ ಅದು ಅನ್ವಯಿಸುತ್ತದೆಯೇ? ದೇಶಗಳು ಸಭೆ ಸೇರಿದರೆ ಮಣ್ಣು ಉಳಿಯುತ್ತದೆಯೇ?
– ಕಾಫಿ ಬೆಳೆಗಾರರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ತಮ್ಮ ಸಂದೇಹ ನ್ಯಾಯವಾದದ್ದೇ. 1994ರ ಜೂನ್ 17ರಂದು ಪ್ಯಾರಿಸ್‌ನಲ್ಲಿ ಅಂಗೀಕಾರಗೊಂಡು, 1996ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಮತ್ತು ಅದೇ ತಿಂಗಳು ಭಾರತವೂ ಅನುಮೋದಿಸಿದ ಈ ಒಪ್ಪಂದದ ಪ್ರಕಾರ, ಶುಷ್ಕ, ಅರೆಶುಷ್ಕ ಮತ್ತು ಒಣ ಉಪಆರ್ದ್ರ ಪ್ರದೇಶಗಳಲ್ಲಿ ಭೂಮಿ ಸತ್ವ ಕಳೆದುಕೊಳ್ಳುವುದೇ ಮರುಭೂಮೀಕರಣ. ಆ ಅರ್ಥದಲ್ಲಿ ಮಡಿಕೇರಿ ಅದರೊಳಗೆ ಬರುವುದಿಲ್ಲ. ಆದರೆ ವಿಶ್ವಸಂಸ್ಥೆಯ 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ, ಒಣ ಪ್ರದೇಶಕ್ಕಷ್ಟೇ ಸೀಮಿತವಾಗದೆ, ಹಾಳಾಗುವ ಭೂಮಿಗೆ ಸಮನಾಗಿ ಹಾಳಾದ ಭೂಮಿಯನ್ನು ಸರಿಪಡಿಸಿ ಒಟ್ಟು ನಷ್ಟವನ್ನು ನಿಲ್ಲಿಸಬೇಕೆಂಬ ಗುರಿ ಸೇರಿತು. 2019ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಒಪ್ಪಂದದ ಸದಸ್ಯ ದೇಶಗಳು ಸೇರಿದಾಗ, 2030ರೊಳಗೆ ಸರಿಪಡಿಸುವ ಭೂಮಿಯ ಪ್ರಮಾಣವನ್ನು ಭಾರತ 2.1 ಕೋಟಿಯಿಂದ 2.6 ಕೋಟಿ ಹೆಕ್ಟೇರಿಗೆ ಏರಿಸಿತು.

ಸಭೆಯಿಂದ ಮಣ್ಣು ಉಳಿಯುವುದಿಲ್ಲ. ಆದರೆ ಎಲ್ಲ ದೇಶಗಳೂ ಒಂದೇ ಅಳತೆಗೋಲಿನಲ್ಲಿ ಲೆಕ್ಕ ಒಪ್ಪಿಸುವಂತಾಗಿದೆ, ಇದೇ ಈ ಸಹಕಾರದ ನಿಜವಾದ ಫಲವೆಂದು ನಾನು ಭಾವಿಸುತ್ತೇನೆ. ಅಳತೆಗಳು ಮೂರು: ನೆಲದ ಮೇಲಿನ ಹೊದಿಕೆ, ನೆಲದ ಉತ್ಪಾದಕತೆ ಮತ್ತು ಮಣ್ಣಿನಲ್ಲಿರುವ ಸಾವಯವ ಇಂಗಾಲ, ಅಂದರೆ ಎಲೆ, ಬೇರು ಕೊಳೆತು ಮಣ್ಣಿಗೆ ಸೇರಿದ ಇಂಗಾಲ.

ಕೊಡಗಿನವರು ಗಮನಿಸಬೇಕಾದದ್ದು ಮೂರನೆಯದನ್ನು. ಮೊದಲೆರಡನ್ನು ಹೆಚ್ಚಾಗಿ ಉಪಗ್ರಹದ ಚಿತ್ರಗಳಿಂದಲೇ ಅಳೆಯುತ್ತಾರೆ. ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ನೆಟ್ಟ ತೋಟವೂ ಉಪಗ್ರಹದ ಕಣ್ಣಿಗೆ ಹಸಿರಾಗಿಯೇ ಕಾಣುತ್ತದೆ. ನೆಲಕ್ಕೆ ಬೀಳುವ ಎಲೆಯ ಬಗೆ ಕಡಿಮೆಯಾದುದು, ಕಳೆನಾಶಕ ಹೊಡೆದು ನೆಲ ಬೋಳಾದುದು, ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ತೋಟದ ಚರಂಡಿಯಲ್ಲಿ ಕೆಮ್ಮಣ್ಣಿನ ನೀರು ಹರಿದುದು ಆ ಚಿತ್ರದಲ್ಲಿ ಕಾಣಲಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದಾಗ ಹೋದ ಮೇಲ್ಮಣ್ಣು ಮತ್ತೆ ಕೂಡಿಬರಲು ತಲೆಮಾರುಗಳೇ ಬೇಕು. ಅದು ಕಣ್ಣಿಗೆ ಬಿದ್ದ ನಷ್ಟ. ಇಳಿಜಾರಿನಲ್ಲಿ ವರ್ಷವರ್ಷವೂ ಸದ್ದಿಲ್ಲದೆ ಕೊಚ್ಚಿಹೋಗುವ ಮಣ್ಣನ್ನು ಲೆಕ್ಕ ಇಡುವವರು ಯಾರು?

ಹಿರಿಯರು ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೋಡುತ್ತಿದ್ದ ತೊಟ್ಟಿಲು ಗುಂಡಿಗಳು ಮಳೆನೀರನ್ನೂ ಮಣ್ಣನ್ನೂ ತಡೆದು, ಅಲ್ಲೇ ಎಲೆ ಕೊಳೆಯಲು ಬಿಡುತ್ತವೆ. ಆಳು ಸಿಗುವುದಿಲ್ಲವೆಂದು ಅವನ್ನು ಮುಚ್ಚಿಹೋಗಲು ಬಿಡುತ್ತಿರುವುದು ಖೇದಕರ. ತಾವು ಮಣ್ಣು ಪರೀಕ್ಷೆ ಮಾಡಿಸುವಾಗ ಸಾರಜನಕ, ರಂಜಕಗಳ ಜೊತೆಗೆ ಸಾವಯವ ಇಂಗಾಲದ ಅಂಕಿಯನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ. ಕೆಲವು ವರ್ಷಗಳಿಗೊಮ್ಮೆ ಗೊಬ್ಬರ, ಸುಣ್ಣ ಹಾಕುವ ಮೊದಲು, ಅದೇ ಜಾಗದಿಂದ, ಅದೇ ಆಳದಿಂದ ಮಣ್ಣು ತೆಗೆದು ಹೋಲಿಸಿ ನೋಡಿರಿ.