ಟೂಲ್ ಸೆಟ್ ಆಮದು: ಇನ್‌ವಾಯ್ಸಿನ ಎಲ್ಲ ಸಾಲಿಗೂ 8206 ಹಾಕಬಹುದೇ?

ನೀವು ಕೇಳಿದ್ದು: ತೈವಾನಿನಿಂದ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಸಾಕೆಟ್ ಸೆಟ್, ಸುತ್ತಿಗೆ, ಗಿಡ ಕತ್ತರಿಸುವ ಕತ್ತರಿ ಎಲ್ಲ ಒಂದೇ ಕಂಟೇನರಿನಲ್ಲಿ ಬರುತ್ತಿವೆ. ಸಪ್ಲೈಯರ್ ಎಲ್ಲದಕ್ಕೂ 8206 ಎಂಬ ಕಸ್ಟಮ್ಸ್ ಕೋಡನ್ನೇ ಬರೆದಿದ್ದಾನೆ. ಅದನ್ನೇ ಬಿಲ್ ಆಫ್ ಎಂಟ್ರಿಯಲ್ಲಿ (ಆಮದು ಮಾಲಿಗೆ ಕಸ್ಟಮ್ಸಿಗೆ ಕೊಡುವ ಘೋಷಣೆ) ಹಾಕಿದರೆ ನಡೆಯುತ್ತದೆಯೇ?

ಹಾಕಬೇಡಿ. ಸಪ್ಲೈಯರ್ ಕೊಡುವ ಕೋಡಿನಲ್ಲಿ ಮೊದಲ 6 ಅಂಕಿ ಮಾತ್ರ ಎಲ್ಲ ದೇಶಗಳಿಗೂ ಸಮಾನ, ಉಳಿದವು ಅವನ ದೇಶದ್ದು. ನಮ್ಮಲ್ಲಿ 8 ಅಂಕಿ ಬೇಕು. ಆ 6 ಅಂಕಿಯನ್ನೂ ಅವನು ತನ್ನ ರಫ್ತಿನ ಅನುಕೂಲ ನೋಡಿ ಹಾಕಿರುತ್ತಾನೆ. ಇಲ್ಲಿ ತಪ್ಪಾದರೆ ಉತ್ತರ ಕೊಡಬೇಕಾದವರು ನೀವು. ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸುಂಕ ಲೆಕ್ಕ ಹಾಕಿ ಘೋಷಿಸುವ ಹೊಣೆ ಆಮದುದಾರನದೇ.

ಮೊದಲು ವಸ್ತುವಿನ ಹೆಸರು ಮರೆತು ಅದರ ಕೆಲಸ ಮಾಡುವ ಭಾಗ ನೋಡಿ. ಬಾಯಿ, ಅಲಗು, ತಲೆ, ಹಲ್ಲು, ಯಾವುದು ಕೆಲಸ ಮಾಡುತ್ತದೋ ಅದು. ಸುಂಕ ಪಟ್ಟಿಯಲ್ಲಿ 82ರಿಂದ ಶುರುವಾಗುವ ಕೋಡುಗಳಿರುವ 82ನೇ ಅಧ್ಯಾಯದ ಮೊದಲ ಟಿಪ್ಪಣಿಯ ಪ್ರಕಾರ ಆ ಭಾಗ ಸಾಮಾನ್ಯ ಲೋಹದ್ದೋ, ಕಾರ್ಬೈಡಿನದೋ, ಲೋಹದ ಮೇಲೆ ಕೂರಿಸಿದ ವಜ್ರದಂಥ ಕಲ್ಲಿನದೋ ಆಗಿರಬೇಕು. ಹಾಗಾಗಿ ಕಬ್ಬಿಣದ ಸುತ್ತಿಗೆ 8205 20ಕ್ಕೆ ಹೋದರೆ ರಬ್ಬರ್ ತಲೆಯದು 4016ಕ್ಕೆ, ಮರದ ಕೊಡತಿ 4417ಕ್ಕೆ. ಸಾಣೆಕಲ್ಲು 6804. ವಜ್ರದ ಪುಡಿ ಬಳಿದ ಅರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೆಳಗಿನ ಲೋಹಕ್ಕೆ ತನ್ನದೇ ಹಲ್ಲು ಇಲ್ಲದೆ ಬರೀ ಪುಡಿಯೇ ಉಜ್ಜುವುದಾದರೆ ಅದು ಅರ ಅಲ್ಲ, 6804. ಅಂಗಡಿಯಲ್ಲಿ ಅದನ್ನು ಏನಂತ ಕರೆದರೂ ಕಸ್ಟಮ್ಸಿಗೆ ಲೆಕ್ಕವಿಲ್ಲ.

ಎರಡನೆಯ ಪ್ರಶ್ನೆ, ಅದನ್ನು ನಡೆಸುವುದು ಯಾವುದು. ಮೋಟಾರು, ಗಾಳಿ ಅಥವಾ ಹೈಡ್ರಾಲಿಕ್ ಒತ್ತಡದಿಂದ ನಡೆದು ಕೈಯಲ್ಲಿ ಹಿಡಿದು ಕೆಲಸ ಮಾಡುವಂಥದ್ದಾದರೆ 8467. ಬ್ಯಾಟರಿ ಡ್ರಿಲ್ 8467 21, ಆಂಗಲ್ ಗ್ರೈಂಡರ್ 8467 29. ಅವುಗಳಿಗೆ ಸಿಕ್ಕಿಸುವ ಬಿಟ್ಟುಗಳು ಬಿಡಿಯಾಗಿ ಬಂದರೆ 8207. ಗೋಡೆ ಕೊರೆಯುವ ಕಾರ್ಬೈಡ್ ತುದಿಯ ಬಿಟ್ಟನ್ನು 8207 13ಕ್ಕೆ ಹಾಕಿಬಿಡುತ್ತಾರೆ. ಆ ಸಾಲು ಇರುವುದು ಬಂಡೆ ಮತ್ತು ನೆಲ ಕೊರೆಯುವ ಸಾಧನಕ್ಕೆ. ಗೋಡೆಯ ಬಿಟ್ಟಿಗೆ 8207 50.

ಇನ್ನು ನಿಮ್ಮ ಬಿಡಿ ಮಾಲು. ಫಿಕ್ಸ್ ಸ್ಪ್ಯಾನರ್, ರಿಂಗ್ ಸ್ಪ್ಯಾನರ್, ಅಲನ್ ಕೀ 8204 11. ಪೈಪ್ ರೆಂಚಿನ ಹಾಗೆ ಬಾಯಿ ಹಿಗ್ಗಿ ಕುಗ್ಗುವಂಥದ್ದು 8204 12. ಸಾಕೆಟ್ 8204 20. ಪ್ಲೇಯರ್, ವೈರ್ ಸ್ಟ್ರಿಪ್ಪರ್, ಲಾಕಿಂಗ್ ಪ್ಲೇಯರ್ 8203 20. ತಗಡು ಕತ್ತರಿ 8203 30, ಬೋಲ್ಟ್ ಕಟರ್ ಮತ್ತು ಪೈಪ್ ಕಟರ್ 8203 40. ಸ್ಕ್ರೂಡ್ರೈವರ್ 8205 40, ಮರಗೆಲಸದ ಉಳಿ 8205 30, ಗಾರೆಯವರ ಕರಣೆ ಮತ್ತು ಹಾರೆ 8205 59, ವೈಸ್ 8205 70. ಹ್ಯಾಕ್ಸಾ ಫ್ರೇಮ್ ಬ್ಲೇಡಿನೊಂದಿಗೆ ಬಂದರೆ 8202 10, ಲೋಹ ಕತ್ತರಿಸುವ ನೇರ ಬ್ಲೇಡ್ ಮಾತ್ರ ಬಂದರೆ 8202 91. ಅಳತೆ ಟೇಪು 82ರಲ್ಲಿ ಇಲ್ಲವೇ ಇಲ್ಲ, 9017 80.

ಈಗ 8206. ಇದು ಸೆಟ್ಟುಗಳ ಮನೆ ನಿಜ, ಆದರೆ ಎಲ್ಲ ಸೆಟ್ಟಿಗೂ ಬಾಗಿಲು ತೆರೆಯುವುದಿಲ್ಲ. ಎರಡು ಷರತ್ತು ಇವೆ. ಸೆಟ್ಟಿನೊಳಗೆ 8202, 8203, 8204, 8205 ಈ ನಾಲ್ಕರಲ್ಲಿ ಕನಿಷ್ಠ ಎರಡು ಬೇರೆ ಬೇರೆ ಶೀರ್ಷಿಕೆಗೆ (ನಾಲ್ಕಂಕಿಯ ಕೋಡಿಗೆ) ಸೇರಿದ ಉಪಕರಣ ಇರಬೇಕು. ಜೊತೆಗೆ ಅದು ಚಿಲ್ಲರೆ ಮಾರಾಟಕ್ಕೆಂದೇ ಒಟ್ಟಿಗೆ ಪ್ಯಾಕ್ ಆಗಿ ಬರಬೇಕು. ಪ್ಲೇಯರ್, ಸ್ಪ್ಯಾನರ್, ಸ್ಕ್ರೂಡ್ರೈವರ್ ಇರುವ ಪೆಟ್ಟಿಗೆ 8206, ಅನುಮಾನವೇ ಬೇಡ. ಅದರಲ್ಲಿ ಒಂದು ಟೇಪು ಇದ್ದ ಮಾತ್ರಕ್ಕೆ ಕೋಡ್ ಬದಲಾಗುವುದಿಲ್ಲ. ಸುತ್ತಿಗೆ ಮತ್ತು ಸ್ಕ್ರೂಡ್ರೈವರ್ ಮಾತ್ರ ಇರುವ ಸೆಟ್ಟಿನಲ್ಲಿ ಎರಡೂ 8205ರವೇ, ಆದ್ದರಿಂದ ಅದು 8205 90.

ಸಾಕೆಟ್ ಸೆಟ್ಟಿನಲ್ಲೇ ಹೆಚ್ಚಿನ ತಪ್ಪಾಗುವುದು. ಒಳಗೆ ಸಾಕೆಟ್, ರ‍್ಯಾಚೆಟ್, ಅಲನ್ ಕೀ, ಜೊತೆಗೆ ಇಪ್ಪತ್ತು ಸ್ಕ್ರೂ ಬಿಟ್ಟುಗಳು. ಮೊದಲ ಮೂರೂ 8204. ಬಿಟ್ಟುಗಳು 8207, ಆದರೆ 8207 ಆ ನಾಲ್ಕರ ಪಟ್ಟಿಯಲ್ಲಿ ಇಲ್ಲ! ಎರಡು ಶೀರ್ಷಿಕೆ ಕಂಡರೂ 8206 ಆಗುವುದಿಲ್ಲ. ಆಗ ಯಾವ ವಸ್ತು ಯಾವ ಕೋಡಿಗೆಂದು ತೀರ್ಮಾನಿಸುವ ಸುಂಕ ಪಟ್ಟಿಯ ವ್ಯಾಖ್ಯಾನ ನಿಯಮಗಳಲ್ಲಿ 3(ಬಿ)ಗೆ ಹೋಗಿ ಸೆಟ್ಟಿಗೆ ಮುಖ್ಯ ಸ್ವರೂಪ ಕೊಡುವುದು ಯಾವುದೆಂದು ನೋಡಬೇಕು. ಸಾಮಾನ್ಯವಾಗಿ ಅದು ಸಾಕೆಟ್, ಅಂದರೆ 8204 20. ಅದೇ ಪೆಟ್ಟಿಗೆಯಲ್ಲಿ ಒಂದು ಪ್ಲೇಯರ್ ಇದ್ದರೆ 8206 ಆಗುತ್ತದೆ. ಚೌಕ ತುದಿಯ ಸ್ಪಿನ್ನರ್ ಹ್ಯಾಂಡಲ್ಲನ್ನು ಸ್ಕ್ರೂಡ್ರೈವರ್ ಎಂದು ಎಣಿಸಿ 8206 ಮಾಡುವವರಿದ್ದಾರೆ. ನನ್ನ ಪ್ರಕಾರ ಅದು ಸಾಕೆಟ್ಟಿನ ಹಿಡಿಕೆಯೇ, ಆ ವಾದ ನಿಲ್ಲುವುದಿಲ್ಲ. ಪ್ಲೇಯರ್ ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಸ್ಪ್ಯಾನರ್ ಇನ್ನೊಂದರಲ್ಲಿ ಬಂದು, ಸೆಟ್ ಕಟ್ಟುವುದು ನಿಮ್ಮ ಗೋಡೌನಿನಲ್ಲಾದರೆ ಅದೂ 8206 ಅಲ್ಲ, ಒಂದೊಂದೂ ಅದರದರ ಕೋಡಿಗೆ. ಸೆಟ್ಟಿನ ಅಚ್ಚಿಗೆ ತಕ್ಕ ಪ್ಲಾಸ್ಟಿಕ್ ಪೆಟ್ಟಿಗೆಗೆ ಬೇರೆ ಕೋಡ್ ಬೇಡ. ನಿಯಮ 5ರ ಪ್ರಕಾರ ಅದು ಸೆಟ್ಟಿನ ಜೊತೆಗೇ ಹೋಗುತ್ತದೆ.

ಸುಂಕ ಹೆಚ್ಚುಕಡಿಮೆ ಒಂದೇ ಇರುವಾಗ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನಬಹುದು. ಗಿಡ ಕತ್ತರಿಯ ಸಾಲಿಗೆ ಬಂದರೆ ಉತ್ತರ ಸಿಗುತ್ತದೆ. ಒಂದು ಕೈಯಲ್ಲಿ ಹಿಡಿಯುವ ಸೆಕೆಟರ್ 8201 50, ಎರಡು ಕೈಯ ಬೇಲಿ ಕತ್ತರಿ 8201 60. ಗುದ್ದಲಿ, ಸಲಿಕೆ, ಕುಡುಗೋಲು, ಕೊಡಲಿ, ಮಚ್ಚು ಎಲ್ಲ 8201ರ ಸಂಸಾರ. ಕೃಷಿಯ ಈ ಕೈಉಪಕರಣಗಳಿಗೆ ಜಿಎಸ್‌ಟಿ ಇಲ್ಲ. ಅದನ್ನೂ 8206ಕ್ಕೆ ಸೇರಿಸಿದರೆ ಕೊಡಬೇಕಿಲ್ಲದ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಕಟ್ಟುತ್ತೀರಿ. ಇದೇ ಆಸೆಗೆ ಹಾರೆ, ಕರಣೆಗಳನ್ನು 8201ಕ್ಕೆ ನೂಕುವವರೂ ಇದ್ದಾರೆ, ಅಧಿಕಾರಿಗಳು ಮೊದಲು ಹುಡುಕುವುದೂ ಅದನ್ನೇ. ನಾಳೆ ಜಪಾನ್ ಅಥವಾ ಕೊರಿಯಾದಿಂದ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿಯಲ್ಲಿ ತರಿಸಿದರೆ, ಮೂಲ ದೇಶದ ಪ್ರಮಾಣಪತ್ರದ ಕೋಡೂ ನಿಮ್ಮ ಕೋಡೂ ಹೊಂದದಿದ್ದರೆ ರಿಯಾಯಿತಿ ಸಿಕ್ಕಿಕೊಳ್ಳುತ್ತದೆ.

ಲೆಕ್ಕ ಹೀಗೆ: ಸಾಗಣೆ, ವಿಮೆ ಸೇರಿ ಮಾಲಿನ ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇ. 10 ಎಂದಿಟ್ಟುಕೊಳ್ಳಿ. ಸುಂಕ 10,000. ಸಮಾಜ ಕಲ್ಯಾಣ ಸರ್ಚಾರ್ಜ್ ಆ ಸುಂಕದ ಶೇ. 10, ಅಂದರೆ 1,000. ಈಗ 1,11,000ದ ಮೇಲೆ ಶೇ. 18 ಐಜಿಎಸ್‌ಟಿ 19,980. ಒಟ್ಟು 30,980. ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ ಹಿಂಪಡೆಯಬಹುದು, ಉಳಿದ 11,000 ನಿಮ್ಮ ಖರ್ಚೇ. ದರ ಬಜೆಟ್ಟಿನಲ್ಲಿ ಬದಲಾಗುತ್ತದೆ, ಬಿಲ್ ಆಫ್ ಎಂಟ್ರಿ ಹಾಕುವ ದಿನ ಕಸ್ಟಮ್ಸಿನ ಐಸ್‌ಗೇಟ್ ಜಾಲತಾಣದಲ್ಲಿ ನೋಡಿ.

ಮಾಲು ಹೊರಡುವ ಮೊದಲೇ ಸಪ್ಲೈಯರಿಂದ ಇನ್‌ವಾಯ್ಸ್ ತಿದ್ದಿಸಿ. "ಹ್ಯಾಂಡ್ ಟೂಲ್ಸ್" ಎಂಬ ಒಂದೇ ಸಾಲು ಇದ್ದರೆ ಪೆಟ್ಟಿಗೆ ಬಿಚ್ಚಿಸುವುದು ಬಹುತೇಕ ಖಚಿತ. ಪ್ರತಿ ಸಾಲಿನಲ್ಲಿ ಹೆಸರು, ಯಾವ ಲೋಹ, ಅಳತೆ, ಎಷ್ಟು ಪೀಸು ಇರಲಿ. ಸೆಟ್ಟಾದರೆ ಒಳಗಿನ ಪಟ್ಟಿ ಮತ್ತು ಪ್ಯಾಕಿಂಗಿನ ಫೋಟೋ ಬೇಕು. ಅಧಿಕಾರಿ ಬೇರೆ ಕೋಡ್ ಹಾಕಿ, ನೀವು ಒಪ್ಪದಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಿ. ಮರುನಿರ್ಧಾರದ 15 ದಿನದೊಳಗೆ ಅವರು ಕಾರಣ ಸಹಿತ ಆದೇಶ ಕೊಡಬೇಕು, ಅಪೀಲಿಗೆ ಅದೇ ಆಧಾರ. ಒಂದೇ ಸಾಕೆಟ್ ಸೆಟ್ಟನ್ನು ಪದೇಪದೇ ತರಿಸುವವರಾದರೆ ದೆಹಲಿ ಅಥವಾ ಮುಂಬೈನ ಕಸ್ಟಮ್ಸ್ ಅಡ್ವಾನ್ಸ್ ರೂಲಿಂಗ್ (ಕೋಡ್ ಯಾವುದೆಂದು ಮುಂಚಿತವಾಗಿ ಕೊಡುವ ತೀರ್ಪು) ಪ್ರಾಧಿಕಾರಕ್ಕೆ ಮೊದಲೇ ಅರ್ಜಿ ಹಾಕಿ. ಅರ್ಜಿಯ ಜೊತೆ ಅದೇ ಒಳಪಟ್ಟಿ ಮತ್ತು ಫೋಟೋ ಇಡಿ.