ಪಿಟಿಓ ಶಾಫ್ಟ್ ಸವೆದಿದೆ, ವೆಲ್ಡಿಂಗ್ ಮಾಡಿಸಬಹುದಾ?

ಪ್ರಶ್ನೆ: ನಮ್ಮ ಊರು ಇಂಡಿ ಕಡೆ. ಈಗ ಪುಣೆ ಹತ್ತಿರ ಸಾಸವಡದಲ್ಲಿ ಎರಡೆಕರೆ ಅಂಜೂರ, ಸೀತಾಫಲದ ತೋಟ ನೋಡಿಕೊಳ್ಳುತ್ತಿದ್ದೇವೆ. ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ಇದೆ. ರೋಟವೇಟರ್ ಓಡಿಸುವಾಗ ಪಿಟಿಓ ಶಾಫ್ಟ್ (ಎಂಜಿನ್ನಿನ ತಿರುಗುಬಲವನ್ನು ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಒಯ್ಯುವ ದಂಡ) ಕಟಕಟ ಅನ್ನುತ್ತದೆ, ಸೀಟಿನವರೆಗೂ ನಡುಕ ಬರುತ್ತದೆ. ಇಲ್ಲಿನ ಮೆಕ್ಯಾನಿಕ್ ‘ವೆಲ್ಡಿಂಗ್ ಮಾರೂನ್ ಘ್ಯಾ’ (ವೆಲ್ಡಿಂಗ್ ಹೊಡೆಸಿಕೊಳ್ಳಿ) ಅಂತಾರೆ. ಹೊಸದು ಹಾಕೋದಾ, ಇದನ್ನೇ ರಿಪೇರಿ ಮಾಡಿಸೋದಾ?

ಉತ್ತರ: ವೆಲ್ಡಿಂಗ್ ಮಾತ್ರ ಬೇಡ. ಪಿಟಿಓ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ವೆಲ್ಡ್ ಮಾಡಿದ ಕೊಳವೆ ಸ್ವಲ್ಪ ಸೊಟ್ಟಗಾದರೂ ಆ ವೇಗದಲ್ಲಿ ನಡುಕ ಇನ್ನೂ ಜಾಸ್ತಿಯಾಗುತ್ತದೆ. ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುವ ಭಯವೂ ಇದೆ. ಓಡುವಾಗ ಮುರಿದರೆ ಪೆಟ್ಟು ಬೀಳುವುದು ಮುಂದೆ ಕೂತವರ ಬೆನ್ನಿಗೆ.

ಆದರೆ ಇಡೀ ಶಾಫ್ಟೇ ಹಾಳಾಗಿದೆಯಾ ಅಂತ ಮೊದಲು ನೋಡಿ. ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ, ರೋಟವೇಟರ್ ನೆಲಕ್ಕೆ ಇಳಿಸಿ. ಜಾಯಿಂಟಿನ ಎರಡೂ ಯೋಕ್‌ಗಳನ್ನು (ಕವಲಿನಂಥ ತುಂಡುಗಳನ್ನು) ಒಂದೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ಟಕ್ ಅಂದರೆ ಕ್ರಾಸ್ (ಎರಡು ಯೋಕ್ ಜೋಡಿಸುವ ಕೂಡುಗುರುತಿನಾಕಾರದ ತುಂಡು) ಬೇರಿಂಗ್ ಸವೆದಿದೆ. ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಕಪ್ಪಿನ ಅಂಚಿನಲ್ಲಿ ಗ್ರೀಸ್ ಬದಲು ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ರೋಲರ್‌ಗಳು ಗ್ರೀಸ್ ಇಲ್ಲದೆ ತುಕ್ಕು ಹಿಡಿದಿವೆ. ಕೆಟ್ಟಿದ್ದು ಇಷ್ಟೇ ಆದರೆ ಕ್ರಾಸ್ ಬದಲಿಸಿದರೆ ಸಾಕು, ಖರ್ಚೂ ಕಡಿಮೆ. ಹೊಸ ಕಪ್ ಯೋಕಿನ ತೂತಿನಲ್ಲಿ ವೈಸ್ ಬಿಗಿದಾಗಲೇ ಕೂರಬೇಕು. ಬರಿಗೈಯಲ್ಲಿ ಸಲೀಸಾಗಿ ಒಳಗೆ ಹೋಗಿ ತಿರುಗಿದರೆ ಆ ಯೋಕ್ ಹೋಯಿತು. ಅದಕ್ಕೆ ಎಷ್ಟು ಕ್ರಾಸ್ ಹಾಕಿದರೂ ನಿಲ್ಲುವುದಿಲ್ಲ.

ಆಮೇಲೆ ಶಾಫ್ಟನ್ನು ಎಳೆದು ಎರಡು ಭಾಗ ಮಾಡಿ. ಕೊಳವೆ ತಿರುಚಿಕೊಂಡಿದ್ದರೆ, ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೂ ಕೊರೆದ ಗೀರು) ಹಲ್ಲು ಚೂಪಾಗಿದ್ದರೆ ಹೊಸ ಶಾಫ್ಟೇ ಬೇಕು. ಬಿಚ್ಚುವ ಮೊದಲು ಇನ್ನೊಂದು ಗಮನಿಸಿ. ಶಾಫ್ಟಿನ ಎರಡೂ ತುದಿಗೆ ಅಂಟಿಕೊಂಡ ಒಳಗಿನ ಯೋಕ್‌ಗಳು ಒಂದೇ ಸಾಲಿನಲ್ಲಿ ಇರಬೇಕು. ಶಾಫ್ಟ್ ಓರೆಯಾಗಿ ತಿರುಗುವಾಗ ಒಂದು ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. ಯೋಕ್‌ಗಳು ಒಂದೇ ಸಾಲಿನಲ್ಲಿದ್ದು ಎರಡೂ ಕಡೆ ಓರೆ ಒಂದೇ ಇದ್ದರೆ ಇನ್ನೊಂದು ಜಾಯಿಂಟ್ ಅದನ್ನು ಸರಿದೂಗಿಸುತ್ತದೆ. ಸಾಲು ತಪ್ಪಿದರೆ ನಡುಕ ಶುರು. ಸ್ಪ್ಲೈನ್ ಶಾಫ್ಟಿನಲ್ಲಿ ಹಿಂದಿನವರು ಒಂದೆರಡು ಹಲ್ಲು ತಪ್ಪಿಸಿ ಸೇರಿಸಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಹೊಸದು ತರಲು ಪುಣೆಯ ನಾನಾ ಪೇಟೆಗಾದರೂ ಹೋಗಿ, ಸಾಸವಡದಲ್ಲಾದರೂ ಕೇಳಿ, ಹಳೆ ಶಾಫ್ಟ್ ಜೊತೆಗೆ ಒಯ್ಯಿರಿ. 540ರ ಪಿಟಿಓಗೆ ಸಾಮಾನ್ಯವಾಗಿ 35 ಮಿಲಿಮೀಟರ್, ಆರು ಹಲ್ಲಿನ ಸ್ಪ್ಲೈನ್ ಇರುತ್ತದೆ. ಆದರೂ ಹಲ್ಲು ಎಣಿಸಿ.

ಎಷ್ಟೋ ಜನ ಎಡವುವುದು ಉದ್ದದಲ್ಲಿ. ಅಂಗಡಿಯ ಶಾಫ್ಟ್ ಉದ್ದವಾಗಿಯೇ ಬರಬಹುದು, ನಿಮ್ಮ ಗಾಡಿಗೆ ತಕ್ಕಂತೆ ಕತ್ತರಿಸಬೇಕು. ಎರಡು ಭಾಗಗಳನ್ನೂ ಸೇರಿಸದೆ ಒಂದನ್ನು ಟ್ರ್ಯಾಕ್ಟರಿಗೆ, ಇನ್ನೊಂದನ್ನು ರೋಟವೇಟರಿಗೆ ಹಾಕಿ. ಪಿಟಿಓ ತೊಡಗಿಸದೆ ಲಿಫ್ಟನ್ನು ಪೂರ್ತಿ ಏರಿಸಿ ಇಳಿಸಿ, ಎರಡು ತುದಿ ಎಲ್ಲಿ ತೀರಾ ಹತ್ತಿರ ಬರುತ್ತವೆ ನೋಡಿ. ಅಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎತ್ತಿದ ರೋಟವೇಟರಿಗೆ ಗಟ್ಟಿ ಆಧಾರ ಕೊಟ್ಟೇ ಅಳತೆ ಹಾಕಿ. ಒಳಗಿನ ಕೊಳವೆ ತಳಕ್ಕೆ ತಾಗದೆ ಕನಿಷ್ಠ ಒಂದಿಂಚು ಜಾಗ ಉಳಿಯಬೇಕು. ತೀರಾ ದೂರ ಹೋದಾಗಲೂ ಕೊಳವೆಯ ಮೂರನೇ ಒಂದು ಭಾಗ ಒಳಗಿರಬೇಕು. ಉದ್ದ ಜಾಸ್ತಿಯಾದರೆ ಪಿಟಿಓ ಬೇರಿಂಗನ್ನೇ ಒತ್ತಿ ಹಾಳುಮಾಡುತ್ತದೆ. ಕಡಿಮೆಯಾದರೆ ಓಡುವಾಗಲೇ ಕಳಚಿ ಬೀಳುತ್ತದೆ. ಎರಡೂ ಕೊಳವೆ, ಎರಡೂ ಗಾರ್ಡ್ ಸಮನಾಗಿ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಗ್ರೀಸ್ ಹಚ್ಚಿ ಸೇರಿಸಿ.

ಅಂಜೂರದ ಸಾಲಿನ ಕೊನೆಯಲ್ಲಿ ರೋಟವೇಟರ್ ಎತ್ತಿ ತಿರುಗಿಸುತ್ತೀರಲ್ವಾ, ಆಗ ಪಿಟಿಓ ಆಫ್ ಮಾಡುತ್ತೀರಾ? ಎತ್ತಿದಾಗ ಜಾಯಿಂಟ್ ಕಡಿದಾಗಿ ಬಾಗುತ್ತದೆ. ಹಾಗೇ ಓಡಿಸಿದರೆ ಹೊಸ ಕ್ರಾಸೂ ಬೇಗ ಸವೆಯುತ್ತದೆ. ಎಂಟು ಗಂಟೆ ಕೆಲಸಕ್ಕೊಮ್ಮೆ ಗ್ರೀಸ್ ತುಂಬುವ ಎರಡೂ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿಯಿರಿ.

ದಯವಿಟ್ಟು ಪ್ಲಾಸ್ಟಿಕ್ ಗಾರ್ಡ್ ತೆಗೆದು ಮೂಲೆಗೆ ಎಸೆಯಬೇಡಿ. ಹೆಗಲ ಟವೆಲ್ಲೋ, ಸೀರೆ ಸೆರಗೋ ಸಿಕ್ಕಿಕೊಂಡರೆ ಗಾಡಿ ಆಫ್ ಮಾಡುವಷ್ಟೂ ಹೊತ್ತು ಇರುವುದಿಲ್ಲ. ತೋಟದಲ್ಲಿ ಕಳೆ ಕೀಳುವ ಹೆಂಗಸರು, ಮಕ್ಕಳು ಓಡಾಡುತ್ತಿರುತ್ತಾರೆ.

ಪ್ರಶ್ನೆ: ಶಾಫ್ಟಿನ ಶಿಯರ್ ಬೋಲ್ಟ್ ಪದೇ ಪದೇ ಕಡಿಯುತ್ತಿದೆ. ಇನ್ನೂ ಗಟ್ಟಿ ಬೋಲ್ಟ್ ಹಾಕಲೇ? (ವಾಘೋಲಿಯ ಓದುಗರು)

ಉತ್ತರ: ಬೇಡ. ಕಲ್ಲು ತಾಗಿದಾಗ ಗೇರ್‌ಬಾಕ್ಸ್ ಉಳಿಯಲಿ ಅಂತಲೇ ಆ ಬೋಲ್ಟ್ ಕಡಿಯುವುದು. ಕಂಪನಿಯ ಪುಸ್ತಕದಲ್ಲಿ 8.8 ದರ್ಜೆ ಅಂತಿದ್ದರೆ ಅದನ್ನೇ ಹಾಕಿ, 10.9 ಹಾಕಬೇಡಿ. ಕಲ್ಲಿಲ್ಲದ ನೆಲದಲ್ಲೂ ಕಡಿಯುತ್ತಿದ್ದರೆ ಬೋಲ್ಟ್ ಕೂರುವ ತೂತು ನೋಡಿ. ಅದು ಸವೆದು ಉದ್ದಗಾಗಿದ್ದರೆ ಬೋಲ್ಟ್ ಒಳಗೆ ಅಲುಗಾಡಿಯೇ ಕಡಿಯುತ್ತದೆ. ಆಗ ಬದಲಿಸಬೇಕಾದ್ದು ಬೋಲ್ಟನ್ನಲ್ಲ, ಯೋಕನ್ನು.